ವಿಎಂಗೆ ಐಪಿ ಸಿಗ್ತಿಲ್ವಾ? ಅದು ಯಾವ ಗೇಟಿನ ಮುಂದೆ ನಿಂತಿದೆ ಅಂತ ಮೊದಲು ನೋಡಿ

ಮೇ ತಿಂಗಳ ಮಧ್ಯಾಹ್ನ, ರಾಯಚೂರು. ಸ್ಟೇಷನ್ ರೋಡ್ ಕಡೆ ನಾನು ನೆಟ್‌ವರ್ಕಿಂಗ್ ಹೇಳಿಕೊಡುವ ಒಂದು ಸಣ್ಣ ಲ್ಯಾಬ್. ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಅದೂ ಮಲಗಿತು. ಕರೆಂಟ್ ಬಂದ ಮೇಲೆ ಎಲ್ಲರೂ ಮಷಿನ್ ಆನ್ ಮಾಡಿದರು. ಮೂಲೆಯಿಂದ ಸಿಂಧನೂರಿನ ಹುಡುಗ ಕೂಗಿದ: “ಸರ, ವಿಎಂಗೆ ಐಪಿ ಬರವಲ್ದು.” ವಿಎಂ ಅಂದರೆ ವರ್ಚುವಲ್ ಮಷಿನ್, ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಓಡಿಸುವ ಇನ್ನೊಂದು ಕಂಪ್ಯೂಟರ್. ಐಪಿ ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ. ಬೇರೆಯವರದ್ದು ನೋಡಿ ಮುಗಿಸಿ ನಾನು ಅವನ ಹತ್ತಿರ ಹೋಗುವಷ್ಟರಲ್ಲಿ ಅವನು ವಿಎಂನಲ್ಲಿದ್ದ ಉಬುಂಟು (ಒಂದು ಥರದ ಲಿನಕ್ಸ್) ಅಳಿಸಿ ಎರಡನೇ ಸಲ ಹಾಕುತ್ತಿದ್ದ.

ಪಾಪ, ಉಬುಂಟು ಏನೂ ತಪ್ಪು ಮಾಡಿರಲಿಲ್ಲ. ತಪ್ಪು ವಿಎಂ ಹೊರಗಿತ್ತು. ಒಂದು ಸಾಲಿನ ಕಮಾಂಡ್ ಹೊಡೆದರೆ ಮುಗಿಯುವ ಕೆಲಸಕ್ಕೆ ಒಂದೂವರೆ ಗಂಟೆ ಹೋಗಿತ್ತು.

ವರ್ಷಗಳಿಂದ ಇದನ್ನೇ ನೋಡುತ್ತಿದ್ದೇನೆ. ವಿಎಂಗೆ ವಿಳಾಸ ಬರಲಿಲ್ಲ ಅಂದ ಕೂಡಲೇ ಎಲ್ಲರೂ ವಿಎಂ ಒಳಗೆ ಕೈ ಹಾಕುತ್ತಾರೆ. ಆದರೆ ವಿಳಾಸ ಒಳಗೆ ಹುಟ್ಟುವುದಿಲ್ಲ, ಹೊರಗಿನಿಂದ ಬರಬೇಕು. ಹಾಗಾಗಿ ಮೊದಲ ಪ್ರಶ್ನೆ ‘ಯಾಕೆ ಬರಲಿಲ್ಲ’ ಅಲ್ಲ. ‘ಯಾರು ಕೊಡಬೇಕಿತ್ತು?’

ನಮ್ಮ ಎಪಿಎಂಸಿ ನೆನಪು ಮಾಡಿಕೊಳ್ಳಿ. ಹತ್ತಿ ತುಂಬಿದ ಗಾಡಿ ಬಂದರೆ ಗೇಟಿನಲ್ಲಿ ಎಂಟ್ರಿ ಆಗಬೇಕು, ಲಾಟ್ ನಂಬರ್ ಸಿಗಬೇಕು. ಆಮೇಲೇ ಟೆಂಡರ್. ನೆಟ್‌ವರ್ಕಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಅನ್ನುವುದೂ ಅಂಥದ್ದೇ ಗೇಟು. ಹೊಸ ಮಷಿನ್ ಬಂದು “ನಾನು ಬಂದಿದೀನಿ, ಯಾರಾದರೂ ನಂಬರ್ ಕೊಡ್ರಿ” ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಇದು ಡಿಸ್ಕವರ್. ಸರ್ವರ್ “ಈ ನಂಬರ್ ಆಗುತ್ತಾ?” ಅನ್ನುತ್ತದೆ, ಇದು ಆಫರ್. “ಆಗಲಿ, ಅದನ್ನೇ ಕೊಡಿ” ಅನ್ನುವುದು ರಿಕ್ವೆಸ್ಟ್. “ಬರೆದುಕೊಂಡೆ, ಹೋಗು” ಅನ್ನುವುದು ಆಕ್. ನಾಲ್ಕೇ ಮಾತು. ಸರ್ವರ್ ಯುಡಿಪಿ 67ನೇ ಪೋರ್ಟಿನಲ್ಲಿ ಕೇಳಿಸಿಕೊಳ್ಳುತ್ತದೆ, ಕೇಳುವ ಮಷಿನ್ 68ರಲ್ಲಿ. 1997ರ ಆರ್‌ಎಫ್‌ಸಿ 2131 ಅನ್ನುವ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ ಬರೆದಿಟ್ಟ ಈ ಪದ್ಧತಿ ಇವತ್ತಿಗೂ ಹಾಗೇ ನಡೆಯುತ್ತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಅದು ಗೊತ್ತಿರುವ ವಿಷಯ ಅಲ್ವಾ.

ಕಂಡ ನಂಬರನ್ನು ಮೊದಲು ಓದಿ

ವಿಎಂ ಒಳಗೆ ವಿಂಡೋಸ್ ಇದ್ದರೆ ‘ಐಪಿಕಾನ್ಫಿಗ್ ಸ್ಲ್ಯಾಶ್ ಆಲ್’, ಲಿನಕ್ಸ್ ಇದ್ದರೆ ‘ಐಪಿ ಎ’. ಏನು ಕಾಣುತ್ತದೋ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಗಬೇಡಿ. ನಾಲ್ಕು ಸಲ ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲು ಏನಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

169.254ರಿಂದ ಶುರುವಾಗುವ ನಂಬರ್ ಕಂಡರೆ ಅದನ್ನು ಯಾರೂ ಕೊಟ್ಟದ್ದಲ್ಲ. ಗೇಟಿನಲ್ಲಿ ಕೂಗಿ ಕೂಗಿ ಸಾಕಾಗಿ, ರೈತ ತಾನೇ ಸೀಮೆಸುಣ್ಣದಲ್ಲಿ ಗಾಡಿ ಮೇಲೆ ಬರೆದುಕೊಂಡ ನಂಬರ್ ಅದು. ಅದರಿಂದ ಅಂಗಳದೊಳಗೆ ಯಾವ ವ್ಯಾಪಾರವೂ ನಡೆಯುವುದಿಲ್ಲ. ವಿಂಡೋಸ್ ಹೀಗೆ ಬರೆದುಕೊಂಡ ಮೇಲೂ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತಿರುತ್ತದೆ. ಹಾಗಾಗಿ ಕೆಲವೊಮ್ಮೆ ‘ತಾನಾಗೇ ಸರಿ ಹೋಯಿತು’ ಅನ್ನಿಸುತ್ತದೆ.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಈ ನಂಬರ್ ಕೂಡ ಕಾಣುವುದಿಲ್ಲ. ‘ಇನೆಟ್’ ಅನ್ನುವ ಸಾಲೇ ಇರುವುದಿಲ್ಲ. ‘ಇನೆಟ್6’ ಮುಂದೆ ಎಫ್‌ಇ80 ಅಂತ ಶುರುವಾಗುವ ಉದ್ದನೆಯದೊಂದು ಇರುತ್ತದೆ. ಅದನ್ನು ನೋಡಿ “ಬಂತು ಸರ್” ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅದೂ ಮಷಿನ್ ತಾನೇ ಕಟ್ಟಿಕೊಂಡದ್ದು, ಲೆಕ್ಕಕ್ಕಿಲ್ಲ. ಉಬುಂಟು ಸರ್ವರ್ ಬೂಟ್ ಆಗುವಾಗ ನೆಟ್‌ವರ್ಕ್‌ಗಾಗಿ ಕಾಯುತ್ತಿದ್ದೇನೆ ಅಂತ ಎರಡು ನಿಮಿಷ ನಿಂತುಬಿಟ್ಟರೆ ಅದೂ ಇದೇ ಕಾಯಿಲೆಯ ಲಕ್ಷಣ.

ಇನ್ನು ನಂಬರ್ ಸರಿಯಾಗೇ ಇದ್ದು, 8.8.8.8ಕ್ಕೆ ಪಿಂಗ್ ಹೋಗುತ್ತಿದ್ದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ನಿಮ್ಮ ತೊಂದರೆ ವೆಬ್‌ಸೈಟ್ ಹೆಸರಿಗೆ ನಂಬರ್ ಹುಡುಕಿಕೊಡುವ ಡಿಎನ್‌ಎಸ್‌ನದು. ಈ ಲೇಖನ ಅದಕ್ಕಲ್ಲ.

ಕೊಡಬೇಕಾದವರು ಯಾರು?

ಈಗ ವಿಎಂ ಬಿಟ್ಟು ಹೊರಗೆ ಬನ್ನಿ. ಅದರ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಮೋಡ್ ಯಾವುದಿದೆ ನೋಡಿ. ಅಲ್ಲಿರುವ ಒಂದು ಪದ ನಿಮ್ಮ ಗೇಟ್ ಯಾವುದು ಅಂತ ಹೇಳುತ್ತದೆ.

ನ್ಯಾಟ್ ಇದ್ದರೆ ವರ್ಚುವಲ್ ಮಷಿನ್ ನಡೆಸುವ ಸಾಫ್ಟ್‌ವೇರೇ ವಿಳಾಸ ಕೊಡುತ್ತದೆ. ನಿಮ್ಮ ರೂಟರ್‌ಗೂ ಇದಕ್ಕೂ ಸಂಬಂಧವಿಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲ ಅಡಾಪ್ಟರ್ ನ್ಯಾಟ್ ಆಗಿದ್ದರೆ ಬರುವ ವಿಳಾಸ 10.0.2.15, ಗೇಟ್‌ವೇ 10.0.2.2. ಎಲ್ಲ ವಿಎಂಗೂ ಇದೇ 10.0.2.15 ಬರುತ್ತದೆ. ಎರಡು ವಿಎಂನಲ್ಲಿ ಒಂದೇ ನಂಬರ್ ನೋಡಿ ಗಾಬರಿ ಬೇಡ. ಅಲ್ಲಿ ಪ್ರತಿ ವಿಎಂಗೂ ಅದರದ್ದೇ ಸ್ವಂತ ಕೋಣೆ, ಒಂದಕ್ಕೊಂದು ಮುಖ ನೋಡುವುದಿಲ್ಲ.

ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ನ್ಯಾಟ್ ಅಂದರೆ ವಿಎಂನೆಟ್8. ಕೊನೆಯ ಅಂಕಿ 1 ಹೋಸ್ಟ್‌ಗೆ (ಅಂದರೆ ವಿಎಂ ಓಡಿಸುವ ನಿಜವಾದ ಕಂಪ್ಯೂಟರಿಗೆ), 2 ಗೇಟ್‌ವೇಗೆ, ವಿಎಂಗಳಿಗೆ 128ರಿಂದ ಮೇಲೆ. ಲಿನಕ್ಸ್‌ನ ಕೆವಿಎಂನಲ್ಲಿ ‘ಡಿಫಾಲ್ಟ್’ ಅನ್ನುವ ನೆಟ್‌ವರ್ಕ್ ಇರುತ್ತದೆ. 192.168.122ರ ಸಾಲಿನ ವಿಳಾಸಗಳನ್ನು ಅದರ ಹಿಂದೆ ಕೂತ ಡಿಎನ್‌ಎಸ್‌ಮಾಸ್ಕ್ ಹಂಚುತ್ತದೆ. ಹೈಪರ್-ವಿ ಬಳಸುವವರಿಗೆ ‘ಡಿಫಾಲ್ಟ್ ಸ್ವಿಚ್’. ಅದರ ವಿಳಾಸದ ಸಾಲು ಹೋಸ್ಟ್ ರೀಸ್ಟಾರ್ಟ್ ಆದಾಗ ಬದಲಾಗಬಹುದು. ಅಲ್ಲಿ ವಿಎಂ ಒಳಗೆ ಕೈಯಾರೆ ನಂಬರ್ ಬರೆದವರು ಮರುದಿನ ತಲೆ ಕೆರೆದುಕೊಳ್ಳುತ್ತಾರೆ.

ಹೋಸ್ಟ್-ಓನ್ಲಿ ಇದ್ದರೂ ಕೊಡುವುದು ಸಾಫ್ಟ್‌ವೇರೇ. ಆದರೆ ಅದರಲ್ಲಿ ಡಿಎಚ್‌ಸಿಪಿ ಸರ್ವರ್‌ಗೆ ಬೇರೆ ಟಿಕ್ ಇರುತ್ತದೆ, ಅದು ಬಿಟ್ಟುಹೋಗಿರಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಇದು ಸಾಮಾನ್ಯವಾಗಿ 192.168.56ರ ಸಾಲು, ಹಂಚಿಕೆ 101ರಿಂದ. ‘ಇಂಟರ್ನಲ್ ನೆಟ್‌ವರ್ಕ್’ ಹಾಕಿದ್ದರೆ ಮಾತ್ರ ಅಲ್ಲಿ ಗೇಟೂ ಇಲ್ಲ, ಗುಮಾಸ್ತನೂ ಇಲ್ಲ. ನೀವೇ ಒಂದು ಡಿಎಚ್‌ಸಿಪಿ ಸರ್ವರ್ ಕೂರಿಸದ ಹೊರತು ಅಲ್ಲಿ ಯಾವ ವಿಳಾಸವೂ ಬರುವುದಿಲ್ಲ. ಅದು ದೋಷವಲ್ಲ, ಅದರ ಸ್ವಭಾವವೇ ಅಷ್ಟು.

ಬ್ರಿಡ್ಜ್ ಇದ್ದರೆ ಕಥೆಯೇ ಬೇರೆ. ಆಗ ನಿಮ್ಮ ವಿಎಂ ಹೋಸ್ಟ್‌ನ ಹೆಗಲ ಮೇಲಿಂದ ಜಿಗಿದು ನಿಜವಾದ ನೆಟ್‌ವರ್ಕಿಗೇ ಇಳಿಯುತ್ತದೆ. ವಿಳಾಸ ಕೊಡುವುದು ಮನೆಯ ರೂಟರ್ ಅಥವಾ ಕಾಲೇಜಿನ ಸರ್ವರ್.

ಇಲ್ಲಿಗೆ ಬಂದಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮೋಡ್ ಅನ್ನು ಸುಮ್ನೆ ನ್ಯಾಟ್‌ಗೆ ಬದಲಿಸಿ, ವಿಎಂನಲ್ಲಿ ಮತ್ತೆ ವಿಳಾಸ ಕೇಳಿ. ಬಂತೇ? ಹಾಗಾದರೆ ವಿಎಂ ಒಳಗೆ ಎಲ್ಲ ಸರಿ ಇದೆ, ಅದನ್ನು ಮುಟ್ಟಬೇಡಿ. ತೊಂದರೆ ಬ್ರಿಡ್ಜ್‌ನಲ್ಲೋ ಆಚೆಯ ನೆಟ್‌ವರ್ಕಿನಲ್ಲೋ ಇದೆ. ನ್ಯಾಟ್‌ನಲ್ಲೂ ಬರಲಿಲ್ಲವೇ? ಆಗ ಸಾಫ್ಟ್‌ವೇರಿನ ಹಂಚುವವ ಮಲಗಿದ್ದಾನೆ, ಇಲ್ಲವೇ ವಿಎಂ ಕೇಳುತ್ತಲೇ ಇಲ್ಲ. ಅರ್ಧ ನಿಮಿಷದಲ್ಲಿ ಹುಡುಕುವ ಜಾಗ ಅರ್ಧವಾಗುತ್ತದೆ.

ಹಂಚುವವ ಎದ್ದಿದ್ದಾನಾ?

ಸಿಂಧನೂರಿನ ಹುಡುಗನ ಕಥೆ ಇಲ್ಲಿ ಮುಗಿಯುತ್ತದೆ. ಅವನ ಹೋಸ್ಟ್ ಲಿನಕ್ಸ್, ಒಳಗೆ ಕೆವಿಎಂ. ‘ವಿರ್ಶ್ ನೆಟ್-ಲಿಸ್ಟ್’ ಮುಂದೆ ಎರಡು ಹೈಫನ್ ಹಾಕಿ ‘ಆಲ್’ ಅಂತ ಹೊಡೆದೆ. ‘ಡಿಫಾಲ್ಟ್’ ಮುಂದೆ ‘ಇನ್‌ಆಕ್ಟಿವ್’ ಅಂತ ಇತ್ತು, ಆಟೊಸ್ಟಾರ್ಟ್ ಕಡೆ ‘ನೋ’. ಅಂದರೆ ಹಿಂದೆ ಯಾರೋ ಕೈಯಿಂದ ಶುರು ಮಾಡಿದ್ದರು, ಕರೆಂಟ್ ಹೋಗಿ ಬಂದ ಮೇಲೆ ಅದನ್ನು ಯಾರೂ ಎಬ್ಬಿಸಲಿಲ್ಲ. ‘ವಿರ್ಶ್ ನೆಟ್-ಸ್ಟಾರ್ಟ್ ಡಿಫಾಲ್ಟ್’, ಆಮೇಲೆ ‘ವಿರ್ಶ್ ನೆಟ್-ಆಟೊಸ್ಟಾರ್ಟ್ ಡಿಫಾಲ್ಟ್’. ಮುಗಿಯಿತು. ಬೇಸಿಗೆಯಲ್ಲಿ ಕರೆಂಟಿನ ಭರವಸೆ ಇಲ್ಲದ ನಮ್ಮಂಥ ಊರಿನಲ್ಲಿ ಆ ಎರಡನೇ ಕಮಾಂಡ್ ಮರೆಯಬಾರದು.

ಒಂದು ಎಚ್ಚರ. ವಿಎಂ ಓಡುತ್ತಿರುವಾಗಲೇ ಈ ನೆಟ್‌ವರ್ಕನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ವಿಎಂನ ತಂತಿ ಕಳಚಿಕೊಂಡೇ ಉಳಿಯಬಹುದು. ಆಗ ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು. ಯಾರಿಗೆ ಯಾವ ನಂಬರ್ ಹೋಗಿದೆ ಅಂತ ನೋಡಲು ‘ವಿರ್ಶ್ ನೆಟ್-ಡಿಎಚ್‌ಸಿಪಿ-ಲೀಸಸ್ ಡಿಫಾಲ್ಟ್’ ಇದೆ.

ವಿಂಡೋಸ್ ಮೇಲೆ ವಿಎಂವೇರ್ ಇದ್ದರೆ ಸರ್ವಿಸಸ್ ತೆರೆಯಿರಿ. ‘ವಿಎಂವೇರ್ ಡಿಎಚ್‌ಸಿಪಿ ಸರ್ವಿಸ್’ ಮತ್ತು ‘ವಿಎಂವೇರ್ ನ್ಯಾಟ್ ಸರ್ವಿಸ್’ ಎರಡೂ ‘ರನ್ನಿಂಗ್’ ಇರಬೇಕು. ಮೊದಲನೆಯದು ನಿಂತರೆ ವಿಳಾಸ ಬರುವುದಿಲ್ಲ. ಎರಡನೆಯದು ನಿಂತರೆ ವಿಳಾಸ ಬರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಕಂಪ್ಯೂಟರ್ ‘ಸ್ಪೀಡ್ ಮಾಡಿಕೊಡ್ತೀನಿ’ ಅನ್ನುವ ಕ್ಲೀನರ್ ಸಾಫ್ಟ್‌ವೇರ್ ಹಾಕಿಕೊಂಡವರಲ್ಲಿ ಇವು ಡಿಸೇಬಲ್ ಆಗಿದ್ದನ್ನು ನಾನು ಮೂರ್ನಾಲ್ಕು ಸಲ ನೋಡಿದ್ದೇನೆ. ವರ್ಚುವಲ್‌ಬಾಕ್ಸ್‌ನ ಹೋಸ್ಟ್-ಓನ್ಲಿಗೆ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಡಿಎಚ್‌ಸಿಪಿ ಸರ್ವರ್ ಟಿಕ್ ನೋಡಿದರೆ ಸಾಕು.

ಬ್ರಿಡ್ಜ್ ಹಾಕಿದ್ದರೆ

ಜಾಸ್ತಿ ಸಮಯ ತಿನ್ನುವುದು ಇದೇ. ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು, ಯಾವ ಅಡಾಪ್ಟರ್‌ಗೆ ಬ್ರಿಡ್ಜ್ ಆಗಿದೆ? ಲ್ಯಾಪ್‌ಟಾಪಿನಲ್ಲಿ ವೈಫೈ ಇದೆ, ಕೇಬಲ್ ಸಾಕೆಟ್ ಇದೆ, ಬ್ಲೂಟೂತ್ ಇದೆ, ವಿಪಿಎನ್ ಹಾಕಿದ್ದರೆ ಅದರದ್ದೊಂದು ನಕಲಿ ಅಡಾಪ್ಟರ್ ಇದೆ. ಮನೆಯಲ್ಲಿ ವೈಫೈಗೆ ಬ್ರಿಡ್ಜ್ ಮಾಡಿದ ವಿಎಂ ಅನ್ನು ಲ್ಯಾಬಿಗೆ ತಂದು ಕೇಬಲ್ ಚುಚ್ಚಿದರೆ ಅದು ಇನ್ನೂ ವೈಫೈ ಕಡೆಗೇ ಕೂಗುತ್ತಿರುತ್ತದೆ. ಅಲ್ಲಿ ಕೇಳುವವರು ಯಾರೂ ಇರುವುದಿಲ್ಲ. ವಿಎಂವೇರ್ ‘ಆಟೊಮ್ಯಾಟಿಕ್’ ಅಂತ ಬಿಟ್ಟರೂ ಕೆಲವೊಮ್ಮೆ ತಪ್ಪು ಅಡಾಪ್ಟರ್ ಹಿಡಿಯುತ್ತದೆ. ವರ್ಚುವಲ್ ನೆಟ್‌ವರ್ಕ್ ಎಡಿಟರ್‌ನಲ್ಲಿ ವಿಎಂನೆಟ್0ಗೆ ನೀವೇ ಹೆಸರು ಹೇಳಿ ಆರಿಸಿ. ವಿಂಡೋಸ್ ಹೋಸ್ಟ್‌ನಲ್ಲಿ ವರ್ಚುವಲ್‌ಬಾಕ್ಸ್ ಬಳಸುವವರು ಅದೇ ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ‘ಬ್ರಿಡ್ಜ್ಡ್ ನೆಟ್‌ವರ್ಕಿಂಗ್ ಡ್ರೈವರ್’ ಸಾಲಿಗೆ ಟಿಕ್ ಇದೆಯಾ ನೋಡಿ.

ಎರಡನೆಯದು ವೈಫೈನ ಗುಣ. ಲ್ಯಾಪ್‌ಟಾಪ್ ವೈಫೈಗೆ ಸೇರುವಾಗ ತನ್ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಹೇಳಿ ಸೇರಿರುತ್ತದೆ. ಆಕ್ಸೆಸ್ ಪಾಯಿಂಟ್‌ಗೆ ಗೊತ್ತಿರುವುದು ಆ ಒಂದು ಮುಖ. ಈಗ ಅದೇ ರೇಡಿಯೋದಿಂದ ವಿಎಂನ ಬೇರೆ ಮ್ಯಾಕ್ ಹೊತ್ತ ಪ್ಯಾಕೆಟ್ ಬಂದರೆ “ನೀನ್ಯಾರು?” ಅಂತ ಬಿಸಾಡುತ್ತದೆ. ಒಂದೇ ಟಿಕೆಟ್‌ನಲ್ಲಿ ಇಬ್ಬರು ಬಸ್ ಹತ್ತಿದ ಹಾಗೆ. ಇದನ್ನು ದಾಟಲು ವರ್ಚುವಲ್‌ಬಾಕ್ಸ್‌ನಂಥವು ಹೊರಗೆ ಹೋಗುವ ಪ್ಯಾಕೆಟ್ಟಿನ ಮ್ಯಾಕ್ ಬದಲಿಸುವ ಉಪಾಯ ಮಾಡುತ್ತವೆ. ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ಕೆವಿಎಂನಲ್ಲಿ ಸಾಮಾನ್ಯ ಲಿನಕ್ಸ್ ಬ್ರಿಡ್ಜ್‌ಗೆ ವೈಫೈ ಸೇರಿಸಲು ಹೋದರೆ ನಡೆಯುವುದೇ ಇಲ್ಲ ಅಂತ ಇಟ್ಟುಕೊಳ್ಳಿ. ಹಾಸ್ಟೆಲ್ಲಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬ್ರಿಡ್ಜ್ ಪ್ರಯತ್ನ ಮಾಡುತ್ತಾ ರಾತ್ರಿ ಕಳೆಯುವ ಹುಡುಗರಿಗೆ ನನ್ನ ಮಾತು ಇಷ್ಟೇ: ತಮ್ಮಾ, ನ್ಯಾಟ್ ಹಾಕು, ಮಲಗು.

ಮೂರನೆಯದು ಕಾಲೇಜು, ಆಫೀಸುಗಳ ಸ್ವಿಚ್. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಒಂದು ಪೋರ್ಟಿಗೆ ಇಷ್ಟೇ ಮ್ಯಾಕ್ ಅಂತ ಮಿತಿ ಇಡಬಹುದು, ಇದಕ್ಕೆ ಪೋರ್ಟ್ ಸೆಕ್ಯುರಿಟಿ ಅನ್ನುತ್ತಾರೆ. ಲಕ್ಷಣ ಸುಲಭ. ಬ್ರಿಡ್ಜ್ ವಿಎಂ ಶುರು ಮಾಡಿದ ಕೂಡಲೇ ಹೋಸ್ಟ್‌ನ ನೆಟ್ಟೂ ಸತ್ತುಹೋದರೆ, ಸ್ವಿಚ್ ಆ ಪೋರ್ಟನ್ನೇ ಮುಚ್ಚಿದೆ ಅಂತ ಅನುಮಾನಿಸಿ. ಮತ್ತೆ ಮತ್ತೆ ಕೇಬಲ್ ಕಿತ್ತು ಹಾಕಬೇಡಿ. ಸ್ವಿಚ್ ನೋಡಿಕೊಳ್ಳುವವರಿಗೆ ನಿಜ ಹೇಳಿ.

ನಾಲ್ಕನೆಯದನ್ನು ಯಾರೂ ಯೋಚಿಸುವುದಿಲ್ಲ: ನಂಬರ್ ಖಾಲಿ. ಲೆಕ್ಕ ಹಾಕಿ. ರೂಟರ್ 100ರಿಂದ 199ರವರೆಗೆ ಹಂಚುತ್ತದೆ ಅಂದುಕೊಳ್ಳಿ. ನೂರು ವಿಳಾಸ. ಲ್ಯಾಬಿನಲ್ಲಿ 24 ಮಷಿನ್, ಪ್ರತಿಯೊಂದರಲ್ಲಿ ಮೂರು ಬ್ರಿಡ್ಜ್ ವಿಎಂ. ಅಲ್ಲಿಗೇ 96. ಇನ್ನು ಎಲ್ಲರ ಫೋನ್ ಬೇರೆ. ಸಾಲದ್ದಕ್ಕೆ ಬೆಳಗಿನ ಬ್ಯಾಚಿನವರು ಮಾಡಿ ಅಳಿಸಿದ ವಿಎಂಗಳ ನಂಬರ್‌ಗಳೂ ಪುಸ್ತಕದಲ್ಲಿ ಉಳಿದಿರುತ್ತವೆ. ವಿಎಂ ಅಳಿಸಿದರೆ ರೂಟರ್‌ಗೆ ಯಾರೂ ಹೇಳುವುದಿಲ್ಲವಲ್ಲ. ಲೀಸ್, ಅಂದರೆ ನಂಬರ್ ಒಬ್ಬರ ಹೆಸರಿನಲ್ಲಿರುವ ಅವಧಿ, 24 ಗಂಟೆ ಇದ್ದರೆ ನಾಳೆವರೆಗೂ ಆ ನಂಬರ್ ಸತ್ತವರ ಹೆಸರಿನಲ್ಲೇ ಇರುತ್ತದೆ. ಅದಕ್ಕೇ ಬೆಳಗಿನ ಬ್ಯಾಚಿಗೆ ಎಲ್ಲ ಸರಿ ಇದ್ದು ಸಂಜೆ ಬ್ಯಾಚಿಗೆ ಮಾತ್ರ ತೊಂದರೆ ಬರುವುದು. ಲ್ಯಾಬಿನ ರೂಟರ್‌ನಲ್ಲಿ ಲೀಸ್ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಿ, ಹಂಚುವ ಸಾಲನ್ನು ಉದ್ದ ಮಾಡಿ. ನಾನು ಮಾಡಿದ್ದು ಇನ್ನೂ ಸರಳ. ಬ್ರಿಡ್ಜ್ ನಿಜವಾಗಿ ಬೇಕಿಲ್ಲದ ಪಾಠಕ್ಕೆ ಎಲ್ಲರಿಗೂ ನ್ಯಾಟ್.

ವಿಎಂ ಒಳಗೆ

ನ್ಯಾಟ್‌ನಲ್ಲೂ ಬರಲಿಲ್ಲ, ಹಂಚುವವನೂ ಎದ್ದಿದ್ದಾನೆ ಅಂದರೆ ಮಾತ್ರ ಒಳಗೆ ಬನ್ನಿ.

ಕೇಬಲ್ ಚುಚ್ಚಿದೆಯಾ? ವಿಎಂಗೂ ಕೇಬಲ್ ಇರುತ್ತದೆ. ವರ್ಚುವಲ್‌ಬಾಕ್ಸ್‌ನ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ‘ಕೇಬಲ್ ಕನೆಕ್ಟೆಡ್’, ವಿಎಂವೇರ್‌ನಲ್ಲಿ ‘ಕನೆಕ್ಟೆಡ್’ ಮತ್ತು ‘ಕನೆಕ್ಟ್ ಅಟ್ ಪವರ್ ಆನ್’. ‘ಐಪಿ ಎ’ ಸಾಲಿನಲ್ಲಿ ‘ನೋ-ಕ್ಯಾರಿಯರ್’ ಕಂಡರೆ ಇದೇ.

ಹೆಸರು ತಪ್ಪಿದೆಯಾ? ಇದು ಸ್ವಲ್ಪ ಸೂಕ್ಷ್ಮ. ವಿಎಂವೇರ್‌ನಲ್ಲಿ ಲಿನಕ್ಸ್ ತನ್ನ ಕಾರ್ಡಿಗೆ ‘ಇಎನ್‌ಎಸ್33’ ಅಂತ ಹೆಸರಿಟ್ಟುಕೊಂಡಿರುತ್ತದೆ. ಅದೇ ವಿಎಂ ಅನ್ನು ವರ್ಚುವಲ್‌ಬಾಕ್ಸ್‌ಗೆ ತಂದರೆ ಹೆಸರು ‘ಇಎನ್‌ಪಿ0ಎಸ್3’ ಆಗುತ್ತದೆ. ಆದರೆ ಉಬುಂಟು ನೆಟ್‌ವರ್ಕ್ ಸೆಟ್ಟಿಂಗ್ ಇಟ್ಟುಕೊಳ್ಳುವ ನೆಟ್‌ಪ್ಲಾನ್ ಫೈಲಿನಲ್ಲಿ ಇನ್ನೂ ಹಳೆಯ ಹೆಸರೇ ಇರುತ್ತದೆ. ಇಲ್ಲದ ಕಾರ್ಡಿಗೆ ವಿಳಾಸ ಕೇಳು ಅಂತ ಬರೆದಿಟ್ಟರೆ ಇರುವ ಕಾರ್ಡು ಸುಮ್ಮನೆ ಕೂತಿರುತ್ತದೆ. ಫೈಲಿನಲ್ಲಿ ಹೆಸರು ತಿದ್ದಿ ‘ನೆಟ್‌ಪ್ಲಾನ್ ಟ್ರೈ’ ಕೊಡಿ. ಅಲ್ಲಿ ಟ್ಯಾಬ್ ಹೊಡೆಯಬೇಡಿ, ಸ್ಪೇಸ್ ಮಾತ್ರ. ಕ್ಲೌಡ್ ಇಮೇಜ್‌ನಿಂದ ಮಾಡಿದ ವಿಎಂ ಆದರೆ ಅದೇ ಫೈಲಿನಲ್ಲಿ ಹಳೆಯ ಮ್ಯಾಕ್ ವಿಳಾಸವೂ ಬರೆದಿರಬಹುದು, ಅದನ್ನೂ ನೋಡಿ.

ಸೆಂಟ್‌ಓಎಸ್ 7 ಇನ್‌ಸ್ಟಾಲ್ ಮಾಡುವಾಗ ನೆಟ್‌ವರ್ಕ್ ಬಟನ್ ಆನ್ ಮಾಡದೆ ಮುಂದೆ ಹೋದವರಿಗೆ ‘ಆನ್‌ಬೂಟ್’ ಮುಂದೆ ‘ನೋ’ ಇರುತ್ತದೆ. ಹಳೆಯ ಸಿಲಬಸ್ ಇರುವ ಕಡೆ ಇವತ್ತಿಗೂ ಇದು ಎದುರಾಗುತ್ತದೆ. ವಿಎಂ ಒಳಗಿರುವುದು ವಿಂಡೋಸ್ ಆದರೆ ‘ಡಿಎಚ್‌ಸಿಪಿ ಕ್ಲೈಂಟ್’ ಸರ್ವಿಸ್ ಓಡುತ್ತಿದೆಯಾ, ಯಾರಾದರೂ ಹಿಂದೆ ಕೈಯಾರೆ ಸ್ಟ್ಯಾಟಿಕ್ (ಬದಲಾಗದ) ವಿಳಾಸ ಬರೆದು ಬಿಟ್ಟಿದ್ದಾರಾ ನೋಡಿ.

ತಿದ್ದಿದ ಮೇಲೆ ಮತ್ತೆ ಕೇಳುವುದು: ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ ಸ್ಲ್ಯಾಶ್ ರಿಲೀಸ್’, ಆಮೇಲೆ ‘ಸ್ಲ್ಯಾಶ್ ರಿನ್ಯೂ’. ಲಿನಕ್ಸ್‌ನಲ್ಲಿ ಹಳೆಯ ಪುಸ್ತಕಗಳೆಲ್ಲ ‘ಡಿಎಚ್‌ಕ್ಲೈಂಟ್’ ಅನ್ನುತ್ತವೆ. ಅದರ ನಿರ್ವಹಣೆ 2022ರಲ್ಲಿ ನಿಂತಿತು, ಹೊಸ ವಿಎಂಗಳಲ್ಲಿ ಅದು ಇಲ್ಲದೆಯೂ ಇರಬಹುದು. ಉಬುಂಟು ಸರ್ವರ್‌ನಲ್ಲಿ ‘ನೆಟ್‌ವರ್ಕ್‌ಸಿಟಿಎಲ್ ರಿನ್ಯೂ’ ಮುಂದೆ ಕಾರ್ಡಿನ ಹೆಸರು ಹಾಕಿ. ನೆಟ್‌ವರ್ಕ್‌ಮ್ಯಾನೇಜರ್ ಇರುವ ಕಡೆ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಅಪ್’.

ಒಂದೇ ಅಚ್ಚಿನ ಹನ್ನೆರಡು ವಿಎಂ

ಒಂದು ಸಲ ನಾನೇ ಬೇಸ್ತು ಬಿದ್ದೆ. ಉಬುಂಟು ಸರ್ವರ್ ಒಂದನ್ನು ಚೆನ್ನಾಗಿ ತಯಾರು ಮಾಡಿ ಹನ್ನೆರಡು ಕ್ಲೋನ್ ಮಾಡಿದೆ. ಪುಸ್ತಕದಲ್ಲಿ ಹೇಳಿದಂತೆ ಪ್ರತಿ ಕ್ಲೋನ್‌ಗೂ ಹೊಸ ಮ್ಯಾಕ್ ಕೊಟ್ಟೆ. ಆನ್ ಮಾಡಿದರೆ ಎಲ್ಲಕ್ಕೂ ಒಂದೇ ಐಪಿ! ಒಂದಕ್ಕೆ ಲಾಗಿನ್ ಆದರೆ ಇನ್ನೊಂದು ಕಡಿದುಹೋಗುತ್ತದೆ. ಮ್ಯಾಕ್ ನೋಡಿದರೆ ಹನ್ನೆರಡೂ ಬೇರೆ ಬೇರೆ. ರೂಟರ್ ಕೆಟ್ಟಿದೆ ಅಂತ ಅದನ್ನು ಎರಡು ಸಲ ರೀಸೆಟ್ ಮಾಡಿದೆ. ಆ ರೂಟರ್ ಮಾಡಿದ ಪಾಪವೇನೂ ಇರಲಿಲ್ಲ.

ಗುಟ್ಟು ಇಷ್ಟು. ಉಬುಂಟು ಸರ್ವರ್‌ನ ಸಿಸ್ಟಮ್‌ಡಿ ವಿಳಾಸ ಕೇಳುವಾಗ ಮ್ಯಾಕ್ ತೋರಿಸಿ ಕೇಳುವುದಿಲ್ಲ. ‘ಇಟಿಸಿ’ ಫೋಲ್ಡರಿನ ‘ಮಷಿನ್-ಐಡಿ’ ಅನ್ನುವ ಫೈಲಿನಿಂದ ಮಾಡಿದ ಗುರುತು ತೋರಿಸಿ ಕೇಳುತ್ತದೆ. ಕ್ಲೋನ್ ಮಾಡಿದಾಗ ಆ ಫೈಲೂ ನಕಲಾಗಿರುತ್ತದೆ. ಹನ್ನೆರಡು ಜನ ಒಂದೇ ಆಧಾರ್ ಕಾರ್ಡ್ ಹಿಡಿದು ಬಂದರೆ ಗೇಟಿನವನು ಒಂದೇ ನಂಬರ್ ಕೊಡುತ್ತಾನೆ. ಅವನ ಪ್ರಕಾರ ಬಂದವನು ಒಬ್ಬನೇ.

ಪರಿಹಾರ ಎರಡು ಥರ. ಮೂಲ ವಿಎಂನಲ್ಲಿ ‘ಸುಡೊ ಟ್ರಂಕೇಟ್ ಹೈಫನ್ ಎಸ್ 0’ ಮುಂದೆ ಆ ಫೈಲಿನ ಪೂರ್ತಿ ದಾರಿ ಕೊಟ್ಟು ಅದನ್ನು ಖಾಲಿ ಮಾಡಿ. ಫೈಲ್ ಇರಬೇಕು, ಒಳಗೆ ಏನೂ ಇರಬಾರದು. ಕೂಡಲೇ ಶಟ್‌ಡೌನ್ ಮಾಡಿ ಆಮೇಲೆ ಕ್ಲೋನ್ ಮಾಡಿ. ಮಧ್ಯೆ ಒಂದು ಸಲ ಬೂಟ್ ಮಾಡಿದರೆ ಅದು ಹೊಸ ಐಡಿ ಬರೆದುಕೊಳ್ಳುತ್ತದೆ, ಮಾಡಿದ ಕೆಲಸ ನೀರಿಗೆ. ಈಗಾಗಲೇ ಕ್ಲೋನ್ ಆಗಿಹೋಗಿದ್ದರೆ ಒಂದೊಂದರಲ್ಲೂ ಇದೇ ಮಾಡಿ ರೀಬೂಟ್ ಕೊಡಿ. ಎರಡನೇ ದಾರಿ, ನೆಟ್‌ಪ್ಲಾನ್ ಫೈಲಿನಲ್ಲಿ ‘ಡಿಎಚ್‌ಸಿಪಿ-ಐಡೆಂಟಿಫೈಯರ್’ ಅನ್ನುವ ಸಾಲಿಗೆ ‘ಮ್ಯಾಕ್’ ಅಂತ ಬರೆಯುವುದು. ಮೊದಲನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಆ ಐಡಿಯನ್ನು ಬೇರೆ ಪ್ರೋಗ್ರಾಂಗಳೂ ನೋಡುತ್ತವೆ.

ಇದರ ಅಣ್ಣನಂಥ ತೊಂದರೆ ಮ್ಯಾಕ್ ವಿಳಾಸವೇ ನಕಲಾಗುವುದು. ವಿಎಂ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಹಂಚಿಕೊಂಡು ಕಾಪಿ-ಪೇಸ್ಟ್ ಮಾಡಿದಾಗ ಆಗುತ್ತದೆ. ವಿಎಂವೇರ್ ತೆರೆದಾಗ “ಮೂವ್ ಮಾಡಿದ್ರಾ, ಕಾಪಿ ಮಾಡಿದ್ರಾ” ಅಂತ ಕೇಳುತ್ತದಲ್ಲ, ಅದು ಸುಮ್ಮನೆ ಕೇಳುವುದಲ್ಲ. ಕಾಪಿ ಅಂದರೆ ಹೊಸ ಮ್ಯಾಕ್ ಕೊಡುತ್ತದೆ. ಮೂವ್ ಅಂದರೆ ಹಳೆಯದೇ. ಮ್ಯಾಕ್‌ನ ಮೊದಲ ಮೂರು ಜೋಡಿ ನೋಡಿದರೆ ಯಾವ ಮನೆಯದು ಅಂತಲೂ ತಿಳಿಯುತ್ತದೆ. 08:00:27 ಇದ್ದರೆ ವರ್ಚುವಲ್‌ಬಾಕ್ಸ್, 52:54:00 ಇದ್ದರೆ ಕೆವಿಎಂ, 00:50:56 ಇದ್ದರೆ ವಿಎಂವೇರ್. ರೂಟರಿನ ಪಟ್ಟಿಯಲ್ಲಿ ಅಪರಿಚಿತ ಕಂಡಾಗ ಇದು ತುಂಬಾ ಉಪಯೋಗ.

ತಂತಿಗೆ ಕಿವಿ ಕೊಡುವುದು

ಊಹೆ ಮಾಡಿ ಸಾಕಾದರೆ ಮಾತುಕತೆ ಕೇಳಿಬಿಡಿ. ಹೋಸ್ಟ್‌ನಲ್ಲಿ ಪ್ಯಾಕೆಟ್ ನೋಡುವ ವೈರ್‌ಶಾರ್ಕ್ ತೆರೆದು ಫಿಲ್ಟರ್‌ನಲ್ಲಿ ‘ಡಿಎಚ್‌ಸಿಪಿ’ ಅಂತ ಬರೆಯಿರಿ. ತುಂಬಾ ಹಳೆಯ ಆವೃತ್ತಿ ಆದರೆ ‘ಬೂಟ್‌ಪಿ’. ಲಿನಕ್ಸ್ ಹೋಸ್ಟ್ ಆದರೆ ಟಿಸಿಪಿಡಂಪ್‌ಗೆ 67 ಮತ್ತು 68 ಪೋರ್ಟ್ ಹೇಳಿ ಬ್ರಿಡ್ಜ್ ಇಂಟರ್ಫೇಸ್ ಮೇಲೆ ಕೂರಿಸಿ. ಆಮೇಲೆ ವಿಎಂನಲ್ಲಿ ವಿಳಾಸ ಮತ್ತೆ ಕೇಳಿ.

ಡಿಸ್ಕವರ್ ಕಾಣಲೇ ಇಲ್ಲ ಅಂದರೆ ವಿಎಂ ಬಾಯೇ ಬಿಟ್ಟಿಲ್ಲ. ಮತ್ತೆ ಒಳಗೆ ಹೋಗಿ. ಡಿಸ್ಕವರ್ ಮೇಲೆ ಡಿಸ್ಕವರ್ ಹೋಗುತ್ತಿದೆ, ಆಫರ್ ಇಲ್ಲ ಅಂದರೆ ಗೇಟಿನಲ್ಲಿ ಆಳಿಲ್ಲ, ಅಥವಾ ಕೂಗು ಅಲ್ಲಿಗೆ ಮುಟ್ಟುತ್ತಿಲ್ಲ, ಅಥವಾ ನಂಬರ್ ಖಾಲಿ. ಹೋಸ್ಟ್‌ನ ಹೊರಗಿನ ಕಾರ್ಡಿನಲ್ಲಿ ಆಫರ್ ಕಾಣುತ್ತಿದೆ, ವಿಎಂಗೆ ಮಾತ್ರ ಮುಟ್ಟುತ್ತಿಲ್ಲ ಅಂದರೆ ಹೋಸ್ಟ್‌ನ ಫೈರ್‌ವಾಲ್ ಮಧ್ಯೆ ಕೂತಿದೆ. ಲಿನಕ್ಸ್‌ನಲ್ಲಿ ಇದಕ್ಕೆ ಒಂದು ಪ್ರಸಿದ್ಧ ಕಾರಣ ಡಾಕರ್ ಅನ್ನುವ ಕಂಟೇನರ್ ಸಾಫ್ಟ್‌ವೇರ್. ಅದು ಇನ್‌ಸ್ಟಾಲ್ ಆಗಿ ಶುರುವಾದಾಗ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ನಿಯಮವನ್ನು ‘ಡ್ರಾಪ್’ ಮಾಡುತ್ತದೆ. ಬ್ರಿಡ್ಜ್‌ನ ಪ್ಯಾಕೆಟ್‌ಗಳೂ ಐಪಿಟೇಬಲ್ಸ್ ದಾಟಿಯೇ ಹೋಗುವ ವ್ಯವಸ್ಥೆ ಇದ್ದರೆ ನಿನ್ನೆವರೆಗೂ ಓಡುತ್ತಿದ್ದ ಬ್ರಿಡ್ಜ್ ವಿಎಂಗಳು ಇವತ್ತು ಮೂಕವಾಗುತ್ತವೆ. “ನಾನು ವಿಎಂ ಮುಟ್ಟೇ ಇಲ್ಲ ಸರ್” ಅನ್ನುವವರನ್ನು ಕೇಳಿ, ಡಾಕರ್ ಹಾಕಿದ್ದೀರಾ ಅಂತ.

ನ್ಯಾಕ್ ಅಂತ ಒಂದು ಸಲ ಬಂದರೆ ಹೆದರಬೇಡಿ. ಮೋಡ್ ಬದಲಿಸಿದ ಮೇಲೆ ವಿಎಂ ಹಳೆಯ ನಂಬರನ್ನೇ ಕೇಳುತ್ತದೆ, ಸರ್ವರ್ ಆಗಲ್ಲ ಅನ್ನುತ್ತದೆ, ವಿಎಂ ಹೊಸದಾಗಿ ಶುರು ಮಾಡುತ್ತದೆ. ಅದು ಸರಿಯಾದ ನಡತೆ.

ಒಂದು ಡಿಸ್ಕವರ್‌ಗೆ ಎರಡು ಬೇರೆ ಬೇರೆ ಕಡೆಯಿಂದ ಆಫರ್ ಬಂದರೆ ಮಾತ್ರ ಎದ್ದು ನಿಲ್ಲಿ. ನಮ್ಮ ಲ್ಯಾಬಿನಲ್ಲಿ ಇದು ಆಗಿದೆ. ಡಿಎಚ್‌ಸಿಪಿ ಸರ್ವರ್ ಕಟ್ಟುವ ಪಾಠದ ದಿನ ಒಬ್ಬ ತನ್ನ ವಿಎಂ ಅನ್ನು ಇಂಟರ್ನಲ್ ಬದಲು ಬ್ರಿಡ್ಜ್‌ನಲ್ಲಿ ಇಟ್ಟಿದ್ದ. ಅವನ ಸರ್ವರ್ ಚೆನ್ನಾಗೇ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಅಂದರೆ ಪಕ್ಕದ ಕೋಣೆಯ ಪ್ರಿಂಟರ್‌ಗೂ, ಫೀಸ್ ಕಟ್ಟಿಸಿಕೊಳ್ಳುವ ಕಂಪ್ಯೂಟರ್‌ಗೂ ಅವನೇ ವಿಳಾಸ ಕೊಟ್ಟ. ಯಾರಿಗೆ ಯಾವ ಗೇಟಿನ ಚೀಟಿ ಸಿಕ್ಕಿತು ಅನ್ನುವುದರ ಮೇಲೆ ಅರ್ಧ ಜನಕ್ಕೆ ನೆಟ್ ಇತ್ತು, ಅರ್ಧ ಜನಕ್ಕೆ ಇಲ್ಲ. ಆಫರ್‌ನಲ್ಲಿದ್ದ ಸರ್ವರ್‌ನ ಮ್ಯಾಕ್ 08:00:27ರಿಂದ ಶುರುವಾಗಿದ್ದರಿಂದ ವರ್ಚುವಲ್‌ಬಾಕ್ಸ್ ಅಂತ ತಿಳಿಯಿತು. ಅವತ್ತು ಅದನ್ನು ಓಡಿಸುತ್ತಿದ್ದವರು ನಾಲ್ಕೇ ಜನ. ಹುಡುಗ ಸಿಕ್ಕ. ಅವನಿಗೆ ಬೈಯಲಿಲ್ಲ, ಬೋರ್ಡಿನ ಮೇಲೆ ಮೋಡ್ ಯಾವುದು ಅಂತ ಬರೆಯದೇ ಇದ್ದವನು ನಾನೇ.

ಕೈಯಾರೆ ನಂಬರ್ ಬರೆಯುವುದಾದರೆ

ನಾಳೆ ಪರೀಕ್ಷೆ ಇದೆ, ಕಾರಣ ಹುಡುಕಲು ಹೊತ್ತಿಲ್ಲ ಅಂದರೆ ಸ್ಟ್ಯಾಟಿಕ್ ವಿಳಾಸ ಬರೆಯಬಹುದು. ಆದರೆ ಹೋಸ್ಟ್ ಯಾವ ಸಾಲಿನಲ್ಲಿದೆಯೋ ವಿಎಂ ಅದೇ ಸಾಲಿನಲ್ಲಿದೆ ಅಂತ ಅಂದುಕೊಳ್ಳಬೇಡಿ. ಬ್ರಿಡ್ಜ್ ಇದ್ದರೆ ಮಾತ್ರ ಹಾಗೆ. ನ್ಯಾಟ್ ಇದ್ದರೆ ಸಾಫ್ಟ್‌ವೇರಿನ ಸಾಲೇ ಬೇಕು. ರೂಟರ್ 100ರಿಂದ 199ರವರೆಗೆ ಹಂಚುತ್ತಿದ್ದರೆ ನೀವು 50 ಅಥವಾ 220 ತಗೊಳ್ಳಿ, ಮಧ್ಯದ್ದು ಬೇಡ. ಅದಕ್ಕೂ ಮೊದಲು ಒಂದು ಸಲ ಪಿಂಗ್ ಮಾಡಿ ಯಾರಾದರೂ ಕೂತಿದ್ದಾರಾ ನೋಡಿ. ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆ ಸುಮ್ಮನಿರಬಹುದು, ಆದ್ದರಿಂದ ‘ಎಆರ್‌ಪಿ ಹೈಫನ್ ಎ’ ಹೊಡೆದು ಆ ನಂಬರಿನ ಮುಂದೆ ಮ್ಯಾಕ್ ಬಂದಿದೆಯಾ ಅಂತಲೂ ನೋಡಿ.

ಇನ್ನೊಂದು ಲಾಭವೂ ಇದರಲ್ಲಿದೆ. ಸರಿಯಾದ ಸ್ಟ್ಯಾಟಿಕ್ ನಂಬರ್ ಹಾಕಿದ ಮೇಲೂ ಗೇಟ್‌ವೇಗೆ ಪಿಂಗ್ ಹೋಗದಿದ್ದರೆ ನಿಮ್ಮ ತೊಂದರೆ ಡಿಎಚ್‌ಸಿಪಿಯದ್ದೇ ಅಲ್ಲ, ದಾರಿಯೇ ಕಡಿದಿದೆ. ಪಿಂಗ್ ಹೋದರೆ ದಾರಿ ಇದೆ, ಹಂಚುವವನದ್ದೇ ಸಮಸ್ಯೆ. ಪರೀಕ್ಷೆ ಮುಗಿದ ಮರುದಿನ ಆ ಸ್ಟ್ಯಾಟಿಕ್ ತೆಗೆದುಬಿಡಿ. ತೆಗೆಯದಿದ್ದರೆ ಮುಂದಿನ ಬ್ಯಾಚಿನಲ್ಲಿ ಯಾರೋ ಆ ವಿಎಂ ತೆರೆದು, ಐಪಿ ಬರವಲ್ದು ಸರ ಅಂತ ಕೂಗುತ್ತಾರೆ.